ಬೆಟ್ಟಾನಾ, ಕುರಿ ಮಂದೇನಾ? ಅದು ಮೊದ್ಲು ತೀರ್ಮಾನ ಆಗ್ಲಿ

ಪ್ರಶ್ನೆ: ಸರ್, ನಮ್ದು ಮಧುಗಿರಿ ತಾಲೂಕು. ನನ್ನ ಹತ್ರ 24 ಮೆಗಾಪಿಕ್ಸೆಲ್ ಕ್ಯಾಮೆರಾ, ಜೊತೆಗೆ ಬಂದಿದ್ದ 18-55 ಲೆನ್ಸ್ ಇದೆ. ಜನವರಿಲಿ ಬೆಳಿಗ್ಗೆ ಎಂಟು ಗಂಟೆ ಹೊತ್ತಿಗೆ ಕೆರೆ ಏರಿ ಮೇಲಿಂದ ಒಂದು ಫೋಟೋ ತೆಗ್ದೆ. ನಡುವೆ ಮಧುಗಿರಿ ಬೆಟ್ಟ, ಎಡಗಡೆ ಒಣಗಿರೋ ಕೆರೆ ಅಂಗಳದಲ್ಲಿ ಕುರಿ ಮಂದೆ ಮತ್ತೆ ಕುರಿ ಕಾಯೋರು. ಸೂರ್ಯ ಎದುರಿಗೆ ಸ್ವಲ್ಪ ಬಲಕ್ಕಿದ್ದ. ಆಕಾಶ ಪೂರ್ತಿ ಬೆಳ್ಳಗೆ ಬಂದಿದೆ, ಬೆಟ್ಟದ ಮೇಲ್ಗಡೆ ಕರೆಂಟ್ ತಂತಿ ಹಾದು ಹೋಗಿದೆ. ಎರಡು ಥರ ಎಡಿಟ್ ಮಾಡಿದೀನಿ. ಒಂದು ಕಲರ್, ಡಿಹೇಜ್ (ಮಬ್ಬು ಕಮ್ಮಿ ಮಾಡೋ ಸ್ಲೈಡರ್) ಮತ್ತೆ ಸ್ಯಾಚುರೇಷನ್ (ಬಣ್ಣದ ಗಾಢತೆ) ಜಾಸ್ತಿ ಮಾಡಿ. ಇನ್ನೊಂದು ಬ್ಲ್ಯಾಕ್ ಅಂಡ್ ವೈಟ್. ಫ್ರೆಂಡ್ಸ್ ಎಲ್ಲಾ ಕಲರ್ ಚೆನ್ನಾಗಿದೆ ಅಂತಾರೆ, ನಂಗೆ ಬ್ಲ್ಯಾಕ್ ಅಂಡ್ ವೈಟ್ ಇಷ್ಟ. ಯಾವ್ದು ಸರಿ? ಹೇಗೆ ಕ್ರಾಪ್ ಮಾಡ್ಲಿ? ತಂತಿ ಅಳಿಸಬಹುದಾ, ಸ್ಪರ್ಧೆಗೆ ಕಳಿಸೋ ಆಸೆ ಇದೆ. ಬೆಟ್ಟ ಕಣ್ಣಿಗೆ ಅಷ್ಟು ದೊಡ್ಡದಾಗಿ ಕಾಣ್ತಿತ್ತು, ಫೋಟೋದಲ್ಲಿ ಯಾಕೆ ಇಷ್ಟು ಚಿಕ್ಕದು? ಲೆನ್ಸ್ ಬದಲಾಯಿಸಬೇಕಾ?

ಉತ್ತರ: ಎರಡು ಎಡಿಟ್‌ನೂ ಒರಿಜಿನಲ್‌ನೂ ಪಕ್ಕ ಪಕ್ಕ ಇಟ್ಕೊಂಡು ತುಂಬಾ ಹೊತ್ತು ನೋಡ್ದೆ. ನಿಮ್ಮ ಆಯ್ಕೆನೇ ಸರಿ, ಬ್ಲ್ಯಾಕ್ ಅಂಡ್ ವೈಟ್ ಒಳ್ಳೇದು. ಆದ್ರೆ ಅದು ಯಾಕೆ ಒಳ್ಳೇದು ಅನ್ನೋದು ಗೊತ್ತಾಗ್ಬೇಕು, ಇಲ್ಲಾಂದ್ರೆ ಮುಂದಿನ ಫೋಟೋದಲ್ಲಿ ಮತ್ತೆ ಇದೇ ಗೊಂದಲ ಬರತ್ತೆ.

ನಿಮ್ಮ ಫೋಟೋದಲ್ಲಿ ಎರಡು ಫೋಟೋ ಇದೆ. ಒಂದು ಬೆಟ್ಟದ್ದು, ಇನ್ನೊಂದು ಮಂದೆದು. ಶಟರ್ ಒತ್ತೋವಾಗ ಎರಡೂ ಬೇಕು ಅನ್ಸಿದೆ, ಅದು ಸಹಜ, ಅಷ್ಟು ಚೆನ್ನಾಗಿರೋ ಬೆಳಿಗ್ಗೆ ಯಾವ್ದನ್ನ ಬಿಡೋದು. ಆದ್ರೆ ನಡುಮಧ್ಯ ಬೆಟ್ಟ ಇಟ್ಟು ಮಂದೇನ ಎಡಗಡೆ ಮೂಲೇಲಿ ಬಿಟ್ಟಿರೋದ್ರಿಂದ ನೋಡೋರ ಕಣ್ಣು ಮೊದ್ಲು ಬೆಟ್ಟಕ್ಕೆ ಹೋಗತ್ತೆ, ಅಲ್ಲಿ ನೋಡಿದ್ರೆ ಬೆಟ್ಟ ಬರೀ ಬೂದು ಬಣ್ಣದ ಆಕಾರ, ಬಂಡೆ ಮೈಯಿನ ಗೆರೆ ಇಲ್ಲ, ಕೋಟೆ ಗೋಡೆ ಕಾಣಲ್ಲ, ಆಮೇಲೆ ಕಣ್ಣು ಬಿಳಿ ಆಕಾಶಕ್ಕೆ ಜಾರತ್ತೆ, ಅಲ್ಲಿ ತಂತಿ ಸಿಗತ್ತೆ, ಅಲ್ಲಿಂದ ಫ್ರೇಮ್ ಆಚೆ. ಮಂದೆ ಹತ್ರ ಕಣ್ಣು ಹೋಗೋದೇ ಕೊನೇಲಿ. ಆದ್ರೆ ಅವತ್ತಿನ ಬೆಳಕು ಇದ್ದದ್ದು ಅಲ್ಲೇ ಅಲ್ವಾ! ಪ್ರತಿ ಕುರಿ ಬೆನ್ನ ಮೇಲೂ ಬೆಳಕಿನ ಅಂಚು, ಕಾಲಡಿ ಎದ್ದಿರೋ ಧೂಳು ಹೊಳೀತಿದೆ, ಕಂಬಳಿ ಹೆಗಲ ಮೇಲೆ ಹಾಕ್ಕೊಂಡಿರೋ ಆ ಮನುಷ್ಯ ಕೋಲು ಹಿಡ್ಕೊಂಡು ಬಲಕ್ಕೆ ನಡೀತಿದಾರೆ. ಇದು ಮಂದೆ ಫೋಟೋ, ಬೆಟ್ಟ ಹಿಂದಿನ ಗೋಡೆ. ನನ್ನ ಪ್ರಕಾರ ಇದರಲ್ಲಿ ಎರಡನೇ ಮಾತಿಲ್ಲ. ಇಷ್ಟು ತೀರ್ಮಾನ ಆದ್ರೆ ಕ್ರಾಪು, ಬಣ್ಣ, ತಂತಿ ಎಲ್ಲದಕ್ಕೂ ಉತ್ತರ ತಾನಾಗೇ ಸಿಗತ್ತೆ, ನೋಡಿ.

ಮೊದ್ಲು ಡಿಹೇಜ್ ವಿಷಯ, ಯಾಕಂದ್ರೆ ನಮ್ಮ ಬಯಲುಸೀಮೆ ಕಡೆ ಫೋಟೋ ತೆಗ್ಯೋರು ಅತಿ ಹೆಚ್ಚು ಕೆಡಿಸ್ಕೊಳ್ಳೋದು ಇಲ್ಲೇ. ಸೂರ್ಯನ ಕಡೆ ಮುಖ ಮಾಡಿ ತೆಗ್ದಾಗ ಮಬ್ಬು ಜಾಸ್ತಿ ಕಾಣೋದಕ್ಕೆ ಕಾರಣ ಇದೆ. ಗಾಳಿಲಿರೋ ಧೂಳು, ಹೊಗೆ, ತೇವಾಂಶದ ಕಣಗಳು ಬೆಳಕನ್ನ ಅದು ಹೋಗ್ತಿರೋ ದಿಕ್ಕಿಗೇ ಹೆಚ್ಚು ಚೆಲ್ಲತ್ವೆ, ಅಂದ್ರೆ ಸೂರ್ಯನಿಂದ ನಿಮ್ಮ ಲೆನ್ಸ್ ಕಡೆಗೆ. ಅದೇ ಜಾಗದಲ್ಲಿ ಬೆನ್ನು ಸೂರ್ಯನಿಗೆ ಮಾಡಿ ನಿಂತ್ರೆ ಮಬ್ಬು ಅಷ್ಟು ಕಾಣಲ್ಲ. ಇನ್ನು ದೂರ ಹೆಚ್ಚಾದಷ್ಟೂ ನಡುವೆ ಗಾಳಿ ಹೆಚ್ಚು, ಹಾಗಾಗಿ ಹತ್ತಿರದ ಕುರಿ ಕಪ್ಪಗೆ ಗಟ್ಟಿಯಾಗಿ ಕಾಣತ್ತೆ, ದೂರದ ಬೆಟ್ಟ ತೆಳ್ಳಗೆ ಕಾಣತ್ತೆ. ಈ ವ್ಯತ್ಯಾಸದಿಂದಾನೇ ಫೋಟೋಗೆ ಆಳ ಬರೋದು. ನೀವು ಡಿಹೇಜ್ ಸ್ಲೈಡರ್ ಎಳೆದಾಗ ಏನಾಯ್ತು? ಬೆಟ್ಟ ಕಪ್ಪಾಗಿ ಮುಂದಕ್ಕೆ ಬಂತು, ಕುರಿಗಳ ಕಪ್ಪಿಗೆ ಅಂಟ್ಕೊಳ್ತು, ಧೂಳಿನ ಹೊಳಪು ಹೋಯ್ತು, ಮೇಲಿಂದ ಬೆಟ್ಟಕ್ಕೆ ಒಂಥರಾ ನೇರಳೆ ಬಣ್ಣ ಬಂತು, ಅಂಚಿನ ಸುತ್ತ ಬಿಳಿ ಗೆರೆ ಬಂತು. ಕಲರ್ ವರ್ಷನ್‌ನ ನೂರು ಪರ್ಸೆಂಟ್ ಝೂಮ್ ಮಾಡಿ ಬೆಟ್ಟದ ಅಂಚು ನೋಡಿ, ಆ ಗೆರೆ ಕಾಣತ್ತೆ. ಡಿಹೇಜ್, ಕ್ಲ್ಯಾರಿಟಿ, ಸ್ನ್ಯಾಪ್‌ಸೀಡ್ ಆಪ್‌ನ ಎಚ್‌ಡಿಆರ್ ಸ್ಕೇಪ್, ಯಾವ್ದನ್ನ ಹೆಚ್ಚು ಮಾಡಿದ್ರೂ ಗಾಢವಾದ ಆಕಾರ ಬಿಳಿ ಆಕಾಶಕ್ಕೆ ತಾಗೋ ಕಡೆ ಆ ಗೆರೆ ಹುಟ್ಟತ್ತೆ. ಫೋನ್ ಸ್ಕ್ರೀನಲ್ಲಿ ಅದು ಶಾರ್ಪ್ ಅನ್ಸತ್ತೆ, ಫ್ರೆಂಡ್ಸ್‌ಗೆ ಇಷ್ಟ ಆಗಿರೋದೂ ಅದಕ್ಕೇ, ದೊಡ್ಡ ಪ್ರಿಂಟ್ ಹಾಕ್ಸಿದ್ರೆ ಕಣ್ಣಿಗೆ ಚುಚ್ಚತ್ತೆ.

ನಂದಿ ಬೆಟ್ಟದ 1478 ಮೀಟರ್ ಎತ್ತರದಲ್ಲಿ ನಿಂತು ಆ ಕಡೆ ಬೆಟ್ಟದ ಸಾಲು ತೆಗ್ಯೋರು, ಗುಡಿಬಂಡೆ ಕೋಟೆ ಮೇಲಿಂದ ಅಮಾನಿ ಭೈರಸಾಗರ ಕೆರೆ ತೆಗ್ಯೋರು, ಎಲ್ರೂ ಇದೇ ಕೆಲ್ಸ ಮಾಡ್ತಾರೆ. ಒಂದರ ಹಿಂದೆ ಒಂದು ಬೆಟ್ಟ ತೆಳ್ಳಗಾಗ್ತಾ ಹೋಗೋದನ್ನ ಕಣ್ಣಾರೆ ನೋಡಿ ಸಂತೋಷ ಪಟ್ಟಿರ್ತಾರೆ, ಮನೆಗೆ ಬಂದು ಅದನ್ನೇ ಅಳಿಸ್ತಾರೆ. ನಂಗೆ ಇದು ನಿಜವಾಗ್ಲೂ ಸಂಕಟ ಆಗತ್ತೆ. ಮಬ್ಬು ಬೇಡವೇ ಬೇಡ, ಬಂಡೆ ಮೈ ಸ್ಪಷ್ಟ ಕಾಣ್ಬೇಕು ಅಂದ್ರೆ ದಾರಿ ಬೇರೆ ಇದೆ: ರಾತ್ರಿ ಚೆನ್ನಾಗಿ ಮಳೆ ಬಂದು ನಿಂತ ಮಾರನೇ ದಿನ ಹೋಗಿ. ಮಳೆ ಗಾಳಿನ ತೊಳೆದಿರತ್ತೆ. ಅಕ್ಟೋಬರ್ ಕಡೆ ನಮ್ಮಲ್ಲಿ ಅಂಥ ದಿನ ಸಿಗತ್ತೆ, ಬೆಳಕು ಪಕ್ಕದಿಂದ ಬೀಳೋ ಹೊತ್ತಲ್ಲಿ ನಿಂತ್ರೆ ಗ್ರಾನೈಟ್ ಮೇಲೆ ನೀರು ಹರಿದ ಕಪ್ಪು ಗೆರೆ, ಮೆಟ್ಟಿಲು, ಕೋಟೆ ಗೋಡೆ ಎಲ್ಲಾ ಎದ್ದು ಕಾಣತ್ತೆ. ಅದು ಬೆಟ್ಟದ ಫೋಟೋ, ಅದಕ್ಕೆ ಬೇರೆ ದಿನ ಇಟ್ಕೊಳ್ಳಿ.

ಈಗ ಕ್ರಾಪ್. ಧೈರ್ಯ ಮಾಡಿ ಬೆಟ್ಟದ ತುದಿ ಕಟ್ ಮಾಡಿ. ಮಧುಗಿರಿಯೋರಿಗೆ ಬೆಟ್ಟದ ತಲೆ ಕತ್ತರಿಸಿ ಅಂದ್ರೆ ಮನಸ್ಸು ಒಪ್ಪಲ್ಲ ಅಂತ ಗೊತ್ತು, ಆದ್ರೂ ಒಂದ್ಸಲ ಮಾಡಿ ನೋಡಿ. ನಿಮ್ಮ ಫೈಲ್ 6000 ಬೈ 4000 ಪಿಕ್ಸೆಲ್. ಅದರಲ್ಲಿ ಎಡಗಡೆ ಕೆಳಭಾಗದ 4200 ಬೈ 2800 ತಗೊಳ್ಳಿ. ಆಗ ಬೆಟ್ಟದ ಎಡ ಇಳಿಜಾರು ಬಲಗಡೆ ಮೇಲಿನಿಂದ ಓರೆಯಾಗಿ ಮಂದೆ ಕಡೆಗೆ ಇಳಿಯತ್ತೆ, ಆಕಾಶ ಮೇಲ್ಗಡೆ ಎಡಮೂಲೇಲಿ ಒಂದು ಸಣ್ಣ ತ್ರಿಕೋನ ಮಾತ್ರ ಉಳಿಯತ್ತೆ. ತಂತಿ ಇದ್ದ ಜಾಗಾನೇ ಹೋಯ್ತು, ಅಳಿಸೋ ಪ್ರಶ್ನೆನೇ ಬರಲ್ಲ. ಎಡಗಡೆ ಅಂಚನ್ನ ಮಾತ್ರ ಮಂದೆಗೆ ಒತ್ತಿ ಕತ್ತರಿಸ್ಬೇಡಿ, ಹಿಂದೆ ಎದ್ದಿರೋ ಧೂಳು ಪೂರ್ತಿ ಇರ್ಲಿ, ಅವು ಎಲ್ಲಿಂದ ಬಂದ್ವು ಅನ್ನೋದು ಆ ಧೂಳಲ್ಲೇ ಇದೆ. ಬಲಗಡೆ ನಡ್ಯೋಕೆ ಜಾಗ ಇರ್ಲಿ. ಮೂರನೇ ಒಂದು ಭಾಗದ ರೂಲ್ ಪ್ರಕಾರ ಕುರಿ ಕಾಯೋರು ಸರಿಯಾಗಿ ಗೆರೆ ಮೇಲೆ ಬಂದ್ರಾ ಅಂತ ಗ್ರಿಡ್ ಹಾಕಿ ಅಳೀಬೇಡಿ. ಅವರ ಮುಂದೆ ಹಿಂದಕ್ಕಿಂತ ಜಾಸ್ತಿ ಜಾಗ ಇದೆಯಾ, ತಲೆ ಹಿಂದೆ ತೆಳು ಬೆಟ್ಟ ಬಂದಿದೆಯಾ ಅಥವಾ ಕಪ್ಪು ಜಾಲಿ ಮರ ಬಂದಿದೆಯಾ, ಅದನ್ನ ನೋಡಿ. ನಿಮ್ಮ ಫೋಟೋದಲ್ಲಿ ಅದೃಷ್ಟಕ್ಕೆ ತಲೆ ಬೆಟ್ಟದ ಮೇಲೇ ಬಂದಿದೆ, ಜಾಲಿ ಮರ ಒಂದು ಹೆಜ್ಜೆ ಮುಂದಿದೆ. ಇನ್ನೊಂದು ಕ್ಷಣ ತಡ ಆಗಿದ್ರೆ ತಲೆ ಮರದೊಳಗೆ ಮುಚ್ಚಿಹೋಗ್ತಿತ್ತು. ಇಂಥದ್ದನ್ನ ಯಾವ ಸಾಫ್ಟ್‌ವೇರ್‌ನಲ್ಲೂ ಸರಿ ಮಾಡೋಕಾಗಲ್ಲ, ಅಲ್ಲೇ ನಿಂತು ಕಾಯ್ಬೇಕು, ನಾಕೈದು ಫ್ರೇಮ್ ಒಟ್ಟಿಗೆ ತೆಗ್ದಿಟ್ಕೊಂಡು ಕಾಲು ಬಿಚ್ಚಿ ಹೆಜ್ಜೆ ಹಾಕಿರೋದನ್ನ ಆರಿಸ್ಕೋಬೇಕು.

ಕ್ರಾಪ್ ಮಾಡಿದ್ರೆ ಪಿಕ್ಸೆಲ್ ಕಮ್ಮಿ ಆಗಲ್ವಾ ಅಂತ ಕೇಳ್ತೀರ. ಆಗತ್ತೆ, 24ರಿಂದ ಸುಮಾರು 12 ಮೆಗಾಪಿಕ್ಸೆಲ್‌ಗೆ ಬರತ್ತೆ. 12 ಬೈ 18 ಇಂಚಿನ ಪ್ರಿಂಟ್‌ಗೆ ಇಂಚಿಗೆ 200 ಪಿಕ್ಸೆಲ್ ಲೆಕ್ಕ ಹಿಡಿದ್ರೂ 3600 ಬೈ 2400 ಸಾಕು, ನಿಮ್ಮ ಹತ್ರ ಅದಕ್ಕಿಂತ ಹೆಚ್ಚೇ ಇದೆ.

ಎಡಿಟ್‌ಗೆ ಬರೋಣ. ರಾ ಫೈಲ್ (ಕ್ಯಾಮೆರಾ ಏನೂ ತಿದ್ದದೆ ಉಳಿಸೋ ಮೂಲ ಫೈಲ್) ಇದೆ ಅಂತ ಫೋಟೋ ಕಳಿಸೋವಾಗ ಬರ್ದಿದೀರ, ಆದ್ರೆ ಎರಡು ಎಡಿಟ್‌ನೂ ಜೆಪೆಗ್ ಮೇಲೆ ಮಾಡಿದೀರ. ದಯವಿಟ್ಟು ರಾ ಇಂದ ಶುರು ಮಾಡಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಅಷ್ಟೇ, 14 ಬಿಟ್ ರಾ ಫೈಲಲ್ಲಿ 16,384 ಹಂತ ಇರತ್ತೆ. ನಿಮ್ಮ ಬೆಟ್ಟ ಥರ ತೆಳು ಬೂದು ಬಣ್ಣ ನಿಧಾನಕ್ಕೆ ಬದಲಾಗೋ ಜಾಗದಲ್ಲಿ ಜೆಪೆಗ್ ಎಳೆದ್ರೆ ಪಟ್ಟೆ ಪಟ್ಟೆ ಬೀಳತ್ತೆ. ದುಡ್ಡು ಕೊಟ್ಟು ಲೈಟ್‌ರೂಮ್ ತಗೊಳ್ಳಲೇಬೇಕು ಅಂತಿಲ್ಲ, ಕಂಪ್ಯೂಟರ್ ಇದ್ರೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಫ್ರೀ ಸಿಗತ್ತೆ, ಕಲೀಲಿಕ್ಕೆ ಸ್ವಲ್ಪ ದಿನ ಹಿಡಿಯತ್ತೆ ಅಷ್ಟೇ.

ಆಕಾಶ ಎಷ್ಟು ವಾಪಸ್ ಬರತ್ತೆ ಅನ್ನೋದು ರಾ ತೆಗೆದ್ರೆ ಗೊತ್ತಾಗತ್ತೆ. ಸ್ವಲ್ಪ ಬರಬಹುದು, ಸೂರ್ಯನ ಹತ್ತಿರದ ಭಾಗ ಪೂರ್ತಿ ಸುಟ್ಟಿದ್ರೆ ಬರಲ್ಲ, ಸೆನ್ಸರ್ ತುಂಬಿ ಹೋದ್ಮೇಲೆ ಅಲ್ಲಿ ಮಾಹಿತಿನೇ ಇರಲ್ಲ, ಹೈಲೈಟ್ಸ್ ಸ್ಲೈಡರ್ ಎಳೆದ್ರೆ ಬಿಳಿ ಹೋಗಿ ಸಪ್ಪೆ ಬೂದು ಬರತ್ತೆ. ಮುಂದಿನ ಸಲ ಸೂರ್ಯನ ಎದುರು ತೆಗ್ಯೋವಾಗ ಹಿಸ್ಟೋಗ್ರಾಮ್ (ಕಪ್ಪಿಂದ ಬಿಳಿವರೆಗೆ ಬೆಳಕು ಎಷ್ಟಿದೆ ಅಂತ ಕ್ಯಾಮೆರಾ ತೋರ್ಸೋ ಗ್ರಾಫ್) ಬಲಗಡೆ ಗೋಡೆಗೆ ಹೊಡೀದ ಹಾಗೆ ಎಕ್ಸ್‌ಪೋಷರ್ ಒಂದು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿದ್ರೆ ಬೆಳಕು ಅರ್ಧ) ಇಳ್ಸಿ, ನೆರಳನ್ನ ರಾ ಇಂದ ಮೇಲಕ್ಕೆತ್ತಬಹುದು. ಈ ಫೋಟೋಗೆ ಬೇರೆ ಆಕಾಶ ತಂದು ಅಂಟಿಸೋ ಯೋಚನೆ ಮಾತ್ರ ಮಾಡ್ಬೇಡಿ. ಮಂದೆಯ ನೆರಳು ನಿಮ್ಮ ಕಡೆಗೆ ಬಿದ್ದಿದೆ, ಅಂಟಿಸೋ ಮೋಡದ ಮೇಲೆ ಬೆಳಕು ಎಡದಿಂದ ಬಿದ್ದಿರತ್ತೆ, ನೋಡೋರಿಗೆ ಹೇಳೋಕೆ ಬರದೇ ಇದ್ರೂ ಏನೋ ಸರಿ ಇಲ್ಲ ಅಂತ ಅನ್ಸೇ ಅನ್ಸತ್ತೆ.

ಬ್ಲ್ಯಾಕ್ ಅಂಡ್ ವೈಟ್ ಯಾಕೆ ಸರಿ ಅಂದ್ರೆ, ಆ ಬೆಳಿಗ್ಗೆ ನಿಮ್ಮ ಮುಂದೆ ಬಣ್ಣ ಹೆಚ್ಚು ಇರ್ಲೇ ಇಲ್ಲ. ಒಣ ಮಣ್ಣು, ಕಪ್ಪು ಕುರಿ, ಬೂದು ಬೆಟ್ಟ, ಬಿಳಿ ಆಕಾಶ. ಇದ್ದದ್ದು ಬೆಳಕು ಮತ್ತೆ ಆಕಾರ. ಇಲ್ಲದ ಬಣ್ಣಾನ ಸ್ಯಾಚುರೇಷನ್ ಹಾಕಿ ಎಳೆದ್ರೆ ಮಣ್ಣು ಕಿತ್ತಳೆ ಆಗತ್ತೆ, ನೆರಳಿಗೆ ನೀಲಿ ಕಲೆ ಬರತ್ತೆ. ಅದೇ ಫೋಟೋನ ಸೂರ್ಯ ಹುಟ್ಟಿ ಹತ್ತು ನಿಮಿಷಕ್ಕೆ ತೆಗ್ದಿದ್ರೆ ನಾನು ಕಲರ್ ಅಂತಿದ್ದೆ, ಆ ಧೂಳು ಬಂಗಾರದ ಥರ ಇರ್ತಿತ್ತು. ಆಗ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡ್ಬಾರ್ದು, ಕ್ಯಾಮೆರಾ ಆ ಹಳದಿನ ದೋಷ ಅಂದ್ಕೊಂಡು ಕಮ್ಮಿ ಮಾಡಿಬಿಡತ್ತೆ, ಡೇಲೈಟ್‌ಗೆ ಇಟ್ಕೊಳ್ಳಿ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು ಬಿಳುಪು ಫೋಟೋಗಳು ಎಲ್ಲಾದ್ರೂ ಸಿಕ್ರೆ ಬಿಡದೆ ನೋಡಿ, ಸಾಮಾನ್ಯ ಜನರ ನಿಲುವು, ನಡಿಗೆ, ಮುಖದ ಮೇಲಿನ ಬೆಳಕು ಅಷ್ಟರಲ್ಲೇ ಪೂರ್ತಿ ಫೋಟೋ ನಿಂತಿರತ್ತೆ, ಬಣ್ಣ ಬೇಕಿತ್ತು ಅಂತ ಒಂದು ಸಲಾನೂ ಅನ್ಸಲ್ಲ.

ಕನ್ವರ್ಟ್ ಮಾಡೋವಾಗ ಒಂದೇ ಬಟನ್ ಒತ್ತಿ ಬಿಡಬೇಡಿ. ಕಲರ್ ಮಿಕ್ಸರ್‌ನಲ್ಲಿ ಹಳದಿ ಮತ್ತೆ ಆರೆಂಜ್ ಸ್ವಲ್ಪ ಮೇಲಕ್ಕೆತ್ತಿದ್ರೆ ಧೂಳು ಮತ್ತೆ ಮಣ್ಣು ಬೆಳಗತ್ತೆ. ಆಕಾಶ ಕಪ್ಪು ಮಾಡೋಕೆ ನೀಲಿ ಇಳ್ಸಿ ಅಂತ ವಿಡಿಯೋಗಳಲ್ಲಿ ಹೇಳ್ತಾರೆ. ಅದು ಹಳೇ ಕಾಲದ ಕೆಂಪು ಫಿಲ್ಟರ್ ಕೆಲ್ಸ. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆ ತೆಗ್ಯೋವಾಗ ಮೊದ್ಲು ಹಳದಿ ಫಿಲ್ಟರ್ ಹಾಕಿದ್ರು, ಆಕಾಶ ತಮಗನಿಸಿದಷ್ಟು ಗಾಢ ಬರಲ್ಲ ಅಂತ ಉಳಿದಿದ್ದ ಕೊನೇ ಗಾಜಿನ ಪ್ಲೇಟ್‌ಗೆ (ಆಗಿನ ಫಿಲ್ಮ್) ಕಡು ಕೆಂಪು ಫಿಲ್ಟರ್ ಹಾಕಿ ತೆಗ್ದ್ರು, ಆಕಾಶ ಹೆಚ್ಚುಕಮ್ಮಿ ಕಪ್ಪಾಗಿ ಬಂತು. ಆದ್ರೆ ಅಲ್ಲಿ ನೀಲಿ ಆಕಾಶ ಇತ್ತು, ಕೆಂಪು ಫಿಲ್ಟರ್ ನೀಲಿನ ತಡೀತು. ನಿಮ್ಮ ಆಕಾಶದಲ್ಲಿ ನೀಲಿನೇ ಇಲ್ಲ, ಬರೀ ಮಬ್ಬು. ಸ್ಲೈಡರ್ ಇಳಿಸಿದ್ರೆ ಬರೋದು ನಾಯ್ಸ್, ಅಂದ್ರೆ ಕಾಳು ಕಾಳು ಚುಕ್ಕಿ, ಅಷ್ಟೇ. ಪೋಲರೈಸರ್ (ಆಕಾಶ ಗಾಢ ಮಾಡೋಕೆ ಲೆನ್ಸ್ ಮುಂದೆ ಹಾಕೋ ಫಿಲ್ಟರ್) ತಗೊಳ್ಲಾ ಅಂತ ಕೇಳೋರಿಗೂ ಇದೇ ಮಾತು, ಅದು ಸೂರ್ಯನಿಗೆ 90 ಡಿಗ್ರಿ ಪಕ್ಕದ ಆಕಾಶದಲ್ಲಿ ಚೆನ್ನಾಗಿ ಕೆಲ್ಸ ಮಾಡತ್ತೆ, ಸೂರ್ಯನ ಎದುರು ಆಕಾಶಕ್ಕೆ ಅದರಿಂದ ಪ್ರಯೋಜನ ಇಲ್ಲ.

ಆಮೇಲೆ ಇಡೀ ಫೋಟೋಗೆ ಕಾಂಟ್ರಾಸ್ಟ್ ಕೊಡೋ ಬದ್ಲು ಬ್ರಷ್ ತಗೊಂಡು ಧೂಳಿನ ಮೇಲೆ ಸ್ವಲ್ಪ ಬೆಳಕು, ಮುಂದಿನ ಒಣ ನೆಲದ ಕೆಳ ಅಂಚಿಗೆ ಸ್ವಲ್ಪ ಕತ್ತಲೆ, ಎಡಮೂಲೆಯ ಆಕಾಶದ ತ್ರಿಕೋನಕ್ಕೆ ತೆಳು ಬೂದು ಕೊಡಿ, ಅದು ಹಾಗೇ ಬಿಳಿ ಇದ್ರೆ ಕಣ್ಣು ಎಳೀತಾನೇ ಇರತ್ತೆ. ಬೆಟ್ಟ ಮುಟ್ಟಬೇಡಿ. ಕುರಿಗಳ ಹೊಟ್ಟೆ ಕೆಳಗಿನ ನೆರಳು ಕಪ್ಪಾಗೇ ಇರ್ಲಿ, ಎಲ್ಲಾ ನೆರಳನ್ನೂ ಎತ್ತಿ ತೋರಿಸೋ ಅಗತ್ಯ ಇಲ್ಲ. ರಾತ್ರಿ ಲೈಟ್ ಆರಿಸಿ ಸ್ಕ್ರೀನ್ ಬ್ರೈಟ್‌ನೆಸ್ ಪೂರ್ತಿ ಇಟ್ಟು ಎಡಿಟ್ ಮಾಡೋ ಅಭ್ಯಾಸ ಇದ್ರೆ ಬಿಡಿ, ಪ್ರಿಂಟ್ ಕಪ್ಪಗೆ ಬಂದು ಲ್ಯಾಬ್‌ನೋರ ಮೇಲೆ ಸಿಟ್ಟು ಮಾಡ್ಕೊಳ್ಳೋ ಹಾಗಾಗತ್ತೆ.

ಬೆಟ್ಟ ಯಾಕೆ ಚಿಕ್ಕದು ಅನ್ನೋದು ನಂಗೆ ಬಹಳ ಇಷ್ಟದ ಪ್ರಶ್ನೆ. ಸಮುದ್ರ ಮಟ್ಟದಿಂದ 3,900 ಅಡಿಗೂ ಮೇಲಿರೋ ಒಂದೇ ಬಂಡೆ ಅದು, ಕಣ್ಣಿಗೆ ಎದುರಿಗೇ ನಿಂತ ಹಾಗಿರತ್ತೆ, ಆದ್ರೆ 18 ಎಂಎಂನಲ್ಲಿ ಅಗಲ ತುಂಬಾ ಹಿಡಿಯೋದ್ರಿಂದ ಕುಗ್ಗಿ ಹೋಗತ್ತೆ. ಇಲ್ಲಿ ಮುಖ್ಯ ಲೆನ್ಸ್ ಅಲ್ಲ, ನೀವು ನಿಂತ ಜಾಗ. ಲೆಕ್ಕ ಮಾಡಿ ನೋಡಿ: ಮಂದೆ 20 ಮೀಟರ್ ದೂರ, ಬೆಟ್ಟ 3 ಕಿಲೋಮೀಟರ್ ದೂರ ಅಂದ್ಕೊಳ್ಳಿ. ನೀವು ಮಂದೆಯಿಂದ 60 ಮೀಟರ್ ದೂರಕ್ಕೆ ಹಿಂದೆ ಹೋದ್ರೆ ಮಂದೆ ಮೂರನೇ ಒಂದು ಭಾಗಕ್ಕೆ ಕುಗ್ಗತ್ತೆ, ಬೆಟ್ಟ ಕುಗ್ಗಿದ್ದು ಗೊತ್ತೇ ಆಗಲ್ಲ, ಮೂರು ಸಾವಿರದಲ್ಲಿ ನಲವತ್ತು ಮೀಟರ್ ಏನು ಲೆಕ್ಕ. ಈಗ 55ಕ್ಕೆ ಝೂಮ್ ಮಾಡಿ. ಮಂದೆ ಮೊದ್ಲಿನಷ್ಟೇ ದೊಡ್ಡದು, ಬೆಟ್ಟ ಮೂರು ಪಟ್ಟು ದೊಡ್ಡದಾಗಿ ಅವರ ಹಿಂದೆ ನಿಂತಿರತ್ತೆ. ಇರೋ ಲೆನ್ಸಲ್ಲೇ ಆಯ್ತು. ಮುಂದೆ ದುಡ್ಡು ಕೂಡಿದ್ರೆ 55-250 ಥರದ ಟೆಲಿ ಲೆನ್ಸ್ (ದೂರದ್ದನ್ನ ದೊಡ್ಡದಾಗಿ ತೋರ್ಸೋದು) ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದ್ರೂ ಪರ್ವಾಗಿಲ್ಲ, ನಮ್ಮ ಕಡೆ ನೆಲಕ್ಕೆ ವೈಡ್ ಲೆನ್ಸ್‌ಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರತ್ತೆ. 200 ಮೀಟರ್ ಹಿಂದೆ ನಿಂತು 180 ಎಂಎಂನಲ್ಲಿ ತೆಗೆದ್ರೆ ಅದೇ ಮಂದೆ ಹಿಂದೆ ಬೆಟ್ಟ ಒಂಬತ್ತು ಪಟ್ಟಿಗಿಂತ ಜಾಸ್ತಿ ದೊಡ್ಡದಾಗಿ ಕಾಣತ್ತೆ, ಫ್ರೇಮ್ ತುಂಬಾ ಬರೀ ಬಂಡೆ ಗೋಡೆ, ಅದರ ಮುಂದೆ ಒಬ್ಬ ಮನುಷ್ಯ. ಮಂದೆಗೂ ಅದು ಒಳ್ಳೇದು, ಹತ್ರ ಹೋಗಿ ಬೆದರಿಸಿದ ಹಾಗಾಗಲ್ಲ. ಮತ್ತೆ, ಹೋಗಿ ಆ ಕುರಿ ಕಾಯೋರನ್ನ ಮಾತಾಡ್ಸಿ, ಫೋಟೋ ತೋರ್ಸಿ, ಒಂದು ಪ್ರಿಂಟ್ ಕೊಡಿ. ದಿನಾ ಯಾವ ಹೊತ್ತಿಗೆ ಯಾವ ದಾರೀಲಿ ಮಂದೆ ಹೊಡೀತಾರೆ ಅಂತ ಅವರೇ ಹೇಳ್ತಾರೆ, ಆ ಮಾಹಿತಿ ಯಾವ ಆಪ್‌ನಲ್ಲೂ ಸಿಗಲ್ಲ.

ಹೊತ್ತಿನ ಬಗ್ಗೆ ಒಂದು ಮಾತು. ನಾರ್ವೆ, ಐಸ್‌ಲ್ಯಾಂಡ್ ಕಡೆಯೋರ ವಿಡಿಯೋ ನೋಡಿ ಗೋಲ್ಡನ್ ಅವರ್ (ಸೂರ್ಯ ಆರು ಡಿಗ್ರಿಗಿಂತ ಕೆಳಗಿದ್ದು ಬೆಳಕು ಬಂಗಾರದ ಥರ ಇರೋ ಹೊತ್ತು) ಅಂದ್ರೆ ಒಂದು ಗಂಟೆಗೂ ಮೇಲೆ ಅಂದ್ಕೊಂಡಿರ್ತೀವಿ. ಅಲ್ಲಿ ಸೂರ್ಯ ಓರೆಯಾಗಿ ನಿಧಾನಕ್ಕೆ ಏರ್ತಾನೆ. ನಾವಿರೋದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ, ಇಲ್ಲಿ ಹೆಚ್ಚುಕಮ್ಮಿ ನೆಟ್ಟಗೆ ಏರ್ತಾನೆ, ಆರು ಡಿಗ್ರಿ ದಾಟೋಕೆ ಇಪ್ಪತ್ತೈದು ನಿಮಿಷದ ಆಸುಪಾಸು ಸಾಕು. ಎಂಟು ಗಂಟೆ ಅಂದ್ರೆ ಜನವರಿಲೂ ಆ ಬೆಳಕು ಮುಗಿದು ಬಹಳ ಹೊತ್ತಾಗಿರತ್ತೆ. ಸೂರ್ಯ ಹುಟ್ಟೋ ಮುಂಚೆ ಜಾಗದಲ್ಲಿರಿ. ಮತ್ತೆ ಸೂರ್ಯ ವರ್ಷ ಪೂರ್ತಿ ಒಂದೇ ಕಡೆ ಹುಟ್ಟಲ್ಲ, ಡಿಸೆಂಬರ್ ಕೊನೇಲಿ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್ ಕೊನೇಲಿ ಅಷ್ಟೇ ಉತ್ತರಕ್ಕೆ. ಅದೇ ಏರಿ ಮೇಲೆ ಬೇರೆ ತಿಂಗಳಲ್ಲಿ ನಿಂತ್ರೆ ಬೆಳಕು ಬೆಟ್ಟದ ಬೇರೆ ಮೈಗೆ ಬೀಳತ್ತೆ.

ಇನ್ನು ಸ್ಪರ್ಧೆ. ಫಿಯಾಪ್ (ಅಂತರರಾಷ್ಟ್ರೀಯ ಫೋಟೋಗ್ರಫಿ ಒಕ್ಕೂಟ), ಪಿಎಸ್‌ಎ (ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ) ನಿಯಮ ಪಾಲಿಸೋ ಸಲೋನ್‌ಗಳಲ್ಲಿ, ಅಂದ್ರೆ ಫೋಟೋ ಸ್ಪರ್ಧೆಗಳಲ್ಲಿ, ನೇಚರ್ ವಿಭಾಗ ಬಹಳ ಕಟ್ಟುನಿಟ್ಟು, ಕ್ರಾಪ್ ಮಾಡಬಹುದು, ಬೆಳಕು ಸರಿ ಮಾಡಬಹುದು, ಕಪ್ಪು ಬಿಳುಪು ಮಾಡಬಹುದು, ಆದ್ರೆ ತಂತಿಯಾಗ್ಲಿ ಕಡ್ಡಿಯಾಗ್ಲಿ ಅಳಿಸೋ ಹಾಗಿಲ್ಲ, ಸೇರಿಸೋ ಹಾಗಿಲ್ಲ. ಹೇಗೂ ನಿಮ್ಮ ಫೋಟೋ ಆ ವಿಭಾಗಕ್ಕೆ ಬರಲ್ಲ, ಸಾಕಿದ ಕುರಿ ಮತ್ತೆ ಮನುಷ್ಯ ಇರೋದ್ರಿಂದ. ಆ ವಿಭಾಗಕ್ಕೆ ಆಸೆ ಇದ್ರೆ ನಿಮ್ಮ ತಾಲೂಕಲ್ಲೇ ಮೈದನಹಳ್ಳಿ ಕೃಷ್ಣಮೃಗ ಇದ್ದಾವಲ್ಲ, ಹುಲ್ಲಿನ ಮಟ್ಟಕ್ಕೆ ಕ್ಯಾಮೆರಾ ಇಳ್ಸಿ ದಿಗಂತದ ಮೇಲೆ ಕೊಂಬು ಬರೋ ಹಾಗೆ ತೆಗೀರಿ. ಈ ಫೋಟೋನ ಓಪನ್ ಮಾನೋಕ್ರೋಮ್ ವಿಭಾಗಕ್ಕೆ ಹಾಕಿ, ಅಲ್ಲಿ ಎಡಿಟಿಂಗ್‌ಗೆ ಸಾಮಾನ್ಯವಾಗಿ ಹೆಚ್ಚು ಸ್ವಾತಂತ್ರ್ಯ ಇರತ್ತೆ, ಆದ್ರೂ ಪ್ರತಿ ಸ್ಪರ್ಧೆಯ ನಿಯಮ ಓದೇ ಕಳಿಸಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ, ಅವರ ಸಲೋನ್‌ನಲ್ಲಿ ಆಯ್ಕೆ ಆದ ಫೋಟೋಗಳನ್ನ ನೋಡಿದ್ರೆ ಯಾವ ವಿಭಾಗಕ್ಕೆ ಎಂಥದ್ದು ಹೋಗತ್ತೆ ಅಂತ ಅಂದಾಜು ಸಿಗತ್ತೆ.

ರಾ ಇಂದ ಹೊಸದಾಗಿ ಮಾಡಿದ್ಮೇಲೆ ನಂಗೂ ಕಳ್ಸಿ, ವಾಟ್ಸಾಪ್‌ನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ, ಇಲ್ಲಾಂದ್ರೆ ಕುಗ್ಗಿಸಿ ಕಳಿಸಿಬಿಡತ್ತೆ, ಧೂಳು ಹೇಗೆ ಬಂದಿದೆ ಅಂತ ಗೊತ್ತಾಗಲ್ಲ.